ಮೊದಲ ಸುತ್ತಿಗೆ ಒಂದು ಸೂಟು

ಎಲ್ಡನ್: ಒದ್ದೆಯಾಗಬಾರದು ಅಂತಿದ್ರೆ ದಡದಲ್ಲೇ ಕೂತ್ಕೋಬಹುದಲ್ಲ. ನೀರಿಗೆ ಹೋಗೋನಿಗೆ ಡ್ರೈಸೂಟ್ ಯಾಕೆ?

ಮಾರ್ಲಿಸ್: ಒದ್ದೆಯಾಗೋ ಮಾತಲ್ಲ ಇದು. ಚಳಿ ಮಾತು.

ಎಲ್ಡನ್: ಚಳಿಗೆ ವೆಟ್‌ಸೂಟ್ ಇದೆ. ಮನೇಲಿ ನೇತಾಡ್ತಾ ಇದೆ.

ಮಾರ್ಲಿಸ್: ನೇತಾಡ್ತಾನೇ ಇರುತ್ತೆ. ಮೊಣಕಾಲಿನಿಂದ ಮೇಲೆ ಹತ್ತಲ್ಲ ಅದು ನಿಂಗೆ.

ಎಲ್ಡನ್: ರಬ್ಬರು ಕುಗ್ಗುತ್ತೆ ಕಣೇ. ಹಳೇದಾದ್ರೆ ಕುಗ್ಗುತ್ತೆ.

ಮಾರ್ಲಿಸ್: ಹೂಂ. ಹೊಟ್ಟೆ ಹತ್ರ ಮಾತ್ರ ಕುಗ್ಗಿದೆ.

ಗಂಡ ಹೆಂಡತಿ ನನ್ನ ಅಂಗಡಿಗೆ ಬಂದು ಅರ್ಧ ಗಂಟೆಯಾಗಿತ್ತು. ಸರೋವರದ ದಡದಲ್ಲೇ ಇರುವ ಅಂಗಡಿ ನನ್ನದು. ಮೀನಿನ ಗಾಳ, ದೋಣಿಯ ಹಗ್ಗ, ನೀರಿನ ಮೇಲೆ ಜಾರುವ ಸ್ಕೀ ಎಲ್ಲ ಸಿಗುತ್ತದೆ. ಏಪ್ರಿಲ್ ಎರಡನೇ ವಾರ. ಕಿಟಕಿಯಾಚೆ ಸರೋವರದ ಮಂಜುಗಡ್ಡೆ ಬೂದುಬಣ್ಣಕ್ಕೆ ತಿರುಗಿತ್ತು. ಇನ್ನು ನಾಲ್ಕೈದು ದಿನದಲ್ಲಿ ಒಡೆಯುವುದು ಖಂಡಿತ.

ಮಂಜು ಒಡೆದ ದಿನ ನಮ್ಮೂರಿನಲ್ಲಿ ಯಾರಾದರೊಬ್ಬರು ದೋಣಿಯ ಹಿಂದೆ ಹಗ್ಗ ಹಿಡಿದು, ಸ್ಕೀ ಮೇಲೆ ನಿಂತು, ಸರೋವರವನ್ನು ಒಂದು ಸುತ್ತು ಹಾಕಬೇಕು. ಇಡೀ ಮಿನೆಸೋಟ ರಾಜ್ಯದಲ್ಲಿ ಇದಕ್ಕಿಂತ ದಡ್ಡ ಕೆಲಸ ಇನ್ನೊಂದಿದೆಯೋ ಇಲ್ಲವೋ ಕಾಣೆ, ಆದರೆ ಊರಿಗೆ ಊರೇ ಕಾಫಿ ಹಿಡಿದುಕೊಂಡು ದಡದಲ್ಲಿ ನಿಂತಿರುತ್ತದೆ. ಸುತ್ತು ಹಾಕಿದವರ ಹೆಸರು ನನ್ನ ಅಂಗಡಿಯ ಹೊರಗಿನ ಹಲಗೆಯ ಮೇಲೆ ಬಣ್ಣದಲ್ಲಿ ಏರುತ್ತದೆ. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿರುವುದು ಎಲ್ಡನ್ ಹೆಸರು. ದೋಣಿ ಓಡಿಸಿದವಳು ಮಾರ್ಲಿಸ್. ದೋಣಿ ಓಡಿಸಿದವರ ಹೆಸರು ಬರೆಯುವ ಪದ್ಧತಿ ಇಲ್ಲ.

ಆ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಮಾರ್ಲಿಸ್ ಫೋನು ಬಂದಿತ್ತು. ತನಗೆ ಅರವತ್ತೊಂದಾಯಿತು, ಈ ಸಲ ಸುತ್ತು ಹಾಕುವವಳು ತಾನೇ, ತನ್ನ ಅಳತೆಗೆ ಒಳ್ಳೆಯ ಸೂಟು ತೆಗೆದಿಡು ಅಂದಳು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಬೇಸಿಗೆಯ ನೀರಿನಲ್ಲಿ ಅವಳು ಎಲ್ಡನ್‌ಗಿಂತ ಚೆನ್ನಾಗಿ ಜಾರುವುದನ್ನು ನಾನು ನೋಡಿದ್ದೇನೆ. ಎಲ್ಡನ್‌ಗೆ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲ, ಸೂಟು ಯಾರಿಗೆ ಅಂತ ಅವನೇ ಕೇಳಲಿ, ಆಗ ಹೇಳುತ್ತೇನೆ ಅಂದಳು. ನೆಟ್ಟಗೆ ಹೇಳಿಬಿಡಬಾರದೇನೇ ಎಂದದ್ದಕ್ಕೆ ಫೋನು ಇಟ್ಟೇಬಿಟ್ಟಳು. ನಮ್ಮ ಮುತ್ತಜ್ಜಂದಿರು ನಾರ್ವೆಯಿಂದ ಅಮೆರಿಕಕ್ಕೆ ಬರುವಾಗ ಒಲೆ, ತೊಟ್ಟಿಲು, ಒಣಮೀನು ಎಲ್ಲವನ್ನೂ ಹಡಗಿಗೆ ಹೇರಿದರು. ಬೇಕಾದ್ದನ್ನು ಬೇಕು ಅನ್ನುವ ಅಭ್ಯಾಸವೊಂದನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಹೀಗಾಗಿ ಎಲ್ಲ ತಿಳಿದೂ ಬಾಯಿಗೆ ಬೀಗ ಹಾಕಿಕೊಂಡು ನಾನು ಒಂದು ದಪ್ಪ ವೆಟ್‌ಸೂಟ್ ತಂದು ಮೇಜಿನ ಮೇಲೆ ಹರಡಿದೆ.

ಎಲ್ಡನ್: ಇದೇನು ಕೊರಿನ್, ಮಕ್ಕಳದ್ದಾ?

ಮಾರ್ಲಿಸ್: ನಂಗೇನೋ ಸರಿಯಾಗಿದೆ ಅನ್ಸುತ್ತೆ.

ಎಲ್ಡನ್: ನಿಂಗೇನು, ನೋಡೋಳು. ಇದರೊಳಗೆ ಹೋಗೋದು ಯಾರು?

ಮಾರ್ಲಿಸ್ ನನ್ನ ಕಡೆ ನೋಡಿದಳು. ಯಾರು ಅಂತ ಅವನು ಕೇಳಿದ್ದೇನೋ ಹೌದು, ಆದರೆ ಉತ್ತರಕ್ಕೆ ಕಾಯಲಿಲ್ಲ. ತೋಳು ಅಳೆಯಲು ಶುರುಮಾಡಿದ್ದ.

ವೆಟ್‌ಸೂಟ್ ಮೈಗೆ ಅಂಟಿಕೊಂಡಿರಬೇಕು ಎಂದು ನಾನು ವಿವರಿಸಿದೆ. ಒಳಗೆ ಸ್ವಲ್ಪ ನೀರು ಹೋಗುತ್ತದೆ, ಮೈಯ ಶಾಖಕ್ಕೆ ಅದು ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಸೂಟು ಸಡಿಲವಾದರೆ ಬಿದ್ದಾಗಲೆಲ್ಲ ಹೊಸ ತಣ್ಣೀರು ಒಳಗೆ ನುಗ್ಗುತ್ತದೆ.

ಎಲ್ಡನ್: ಬಿದ್ರೆ ತಾನೇ. ಇಷ್ಟು ವರ್ಷದಲ್ಲಿ ನಾನು ಬಿದ್ದಿದ್ದು ಎರಡೇ ಸಲ.

ಮಾರ್ಲಿಸ್: ನಾಲ್ಕು.

ಎಲ್ಡನ್: ಇನ್ನೆರಡು ಸಲ ಹಗ್ಗ ಬಿಟ್ಟೆ ಅಷ್ಟೆ.

ಮಾರ್ಲಿಸ್: ಹಗ್ಗ ಬಿಟ್ಟೆ, ಆಮೇಲೆ ನೀರೊಳಗಿದ್ದೆ. ಮಧ್ಯದಲ್ಲಿ ಏನಾಯ್ತು ಅಂತ ನಂಗೆ ದೋಣಿಯಿಂದ ಕಾಣ್ಲಿಲ್ಲಪ್ಪ.

ವೆಟ್‌ಸೂಟ್ ಬೇಡ, ಮೇ ತಿಂಗಳಿಗೆ ಅದು ಸಾಕು, ಮಂಜು ಕರಗಿದ ನೀರಿಗೆ ಡ್ರೈಸೂಟೇ ಸರಿ ಎಂದು ನಾನು ಮಾತು ತಿರುಗಿಸಿದೆ. ಅದು ಸಡಿಲವಾದ ಚೀಲದ ಹಾಗೆ. ಕುತ್ತಿಗೆಗೂ ಮುಂಗೈಗೂ ಬಿಗಿ ರಬ್ಬರು, ಒಂದು ಹನಿಯೂ ಒಳಗೆ ಹೋಗುವುದಿಲ್ಲ. ಆದರೆ ಸೂಟು ತಾನಾಗಿ ಬೆಚ್ಚಗಿಡುವುದಿಲ್ಲ, ಒಳಗೆ ಉಣ್ಣೆ ಬಟ್ಟೆ ಹಾಕಿಕೊಳ್ಳಬೇಕು. ತೋರಿಕೆಗೆಂದು ನೇತುಹಾಕಿದ್ದ ದೊಡ್ಡದೊಂದನ್ನು ಇಳಿಸಿದೆ. ಎಲ್ಡನ್ ಗೊಣಗುತ್ತಲೇ ಕಾಲು ತೂರಿಸಿದ, ತೋಳು ತೂರಿಸಿದ. ತಲೆ ಮಾತ್ರ ಕುತ್ತಿಗೆಯ ರಬ್ಬರಿನಲ್ಲಿ ಸಿಕ್ಕಿಕೊಂಡಿತು.

ಮಾರ್ಲಿಸ್: ಕೊರಿನ್, ಇದ್ರಲ್ಲಿ ಇನ್ನೂ ಚಿಕ್ಕದು ಇದ್ಯಾ?

ಎಲ್ಡನ್ (ಸೂಟಿನೊಳಗಿಂದ): ಚಿಕ್ಕದಾ? ಇದ್ರಲ್ಲೇ ಉಸಿರು ಸಿಕ್ತಿಲ್ಲ ನಂಗೆ.

ಮಾರ್ಲಿಸ್: ಸೊಂಟದ ಹತ್ರ ಸ್ವಲ್ಪ ಅಗಲ ಇದ್ರೆ ಒಳ್ಳೇದು.

ಎಲ್ಡನ್ (ಸೂಟಿನೊಳಗಿಂದ): ನನ್ನ ಸೊಂಟಕ್ಕೇನಾಗಿದೆ?

ನಾನು ಎರಡು ಕೈಯಿಂದ ರಬ್ಬರು ಹಿಗ್ಗಿಸಿದ ಮೇಲೆ ಕೆಂಪು ಮುಖವೊಂದು ಹೊರಬಂತು. ಒಳಗೆ ಗಾಳಿ ತುಂಬಿ ಮನುಷ್ಯ ಉಬ್ಬಿಕೊಂಡಿದ್ದ. ಗಾಳಿ ತೆಗೆಯದೆ ನೀರಿಗೆ ಬಿದ್ದರೆ ಅದು ಕಾಲಿಗೆ ಹೋಗಿ ತಲೆಕೆಳಗಾಗಿ ತೇಲಬೇಕಾಗುತ್ತದೆ, ಅದಕ್ಕೇ ಮಂಡಿ ತಬ್ಬಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಕುತ್ತಿಗೆಯ ರಬ್ಬರನ್ನು ಬೆರಳಿನಿಂದ ಎಳೆಯಬೇಕು ಎಂದೆ. ಎಲ್ಡನ್ ಹಾಗೇ ಮಾಡಿದ. ಗಾಳಿ ಹೊರಟ ಸದ್ದಿಗೆ ಗಾಳಕ್ಕೆ ಹುಳು ಕೊಳ್ಳಲು ಬಂದಿದ್ದ ಪಾದ್ರಿಗಳು ಬಾಗಿಲಲ್ಲೇ ನಿಂತು, ಆಮೇಲೆ ಬರುತ್ತೇನೆ ಎಂದು ಹೊರಟುಹೋದರು.

ಎಲ್ಡನ್: ನೋಡಿದ್ಯಾ? ಮುಂದಿನ ಭಾನುವಾರ ನಾನು ಅವರ ಮುಖ ಹೇಗೆ ನೋಡ್ಲಿ?

ಅವನು ಸೂಟು ಬಿಚ್ಚುವಷ್ಟರಲ್ಲಿ ನಾನು ಬೆಳಿಗ್ಗೆಯೇ ತೆಗೆದಿಟ್ಟಿದ್ದ ನೇರಳೆ ಬಣ್ಣದ ಡ್ರೈಸೂಟನ್ನು ತಂದೆ. ಮಾರ್ಲಿಸ್ ಅದರ ತೋಳನ್ನು ಮೆಲ್ಲಗೆ ಸವರಿದಳು.

ಎಲ್ಡನ್: ನೇರಳೆ? ಇಡೀ ಊರಿನ ಮುಂದೆ?

ಮಾರ್ಲಿಸ್: ನೇರಳೆ ನಂಗಿಷ್ಟ.

ಎಲ್ಡನ್: ನಿಂಗಿಷ್ಟ ಅಂತ ನಾನು ಬದನೆಕಾಯಿ ಆಗ್ಬೇಕಾ?

ಆಮೇಲೆ ಅವನು ಜಿಪ್ಪಿನಲ್ಲಿ ತಪ್ಪು ಹುಡುಕಿದ, ಹೊಲಿಗೆಯಲ್ಲಿ ಹುಡುಕಿದ. ಕೈಗವಸು ದಪ್ಪ, ಅದರಲ್ಲಿ ಹಗ್ಗ ಹಿಡಿಯಲಾಗುವುದಿಲ್ಲ ಎಂದ. ತೆಳುವಾದುದನ್ನು ಕೊಟ್ಟರೆ ಬೆರಳು ಮರಗಟ್ಟುತ್ತದೆ ಎಂದ. ಮೂವತ್ತು ವರ್ಷ ವ್ಯಾಪಾರ ಮಾಡಿದವಳು ನಾನು. ಕೊಳ್ಳುವವರು ಒಂದೆರಡು ತಪ್ಪು ಹುಡುಕುತ್ತಾರೆ, ನನಗೆ ಗೊತ್ತು. ಎಲ್ಲದರಲ್ಲೂ ತಪ್ಪು ಹುಡುಕುವವರಿಗೆ ಬೇರೇನೋ ಇರುತ್ತದೆ. ನನಗೂ ತಾಳ್ಮೆ ಮುಗಿದಿತ್ತು, ನಮ್ಮವರು ಯಾರೂ ಮಾಡದ ಕೆಲಸ ಮಾಡಿಬಿಟ್ಟೆ.

ನಾನು: ಎಲ್ಡನ್, ಈ ಸಲ ಸುತ್ತು ಹಾಕೋಕೆ ನಿಂಗೆ ಇಷ್ಟ ಇದ್ಯಾ, ಇಲ್ವಾ?

ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿದರು. ನಾನು ಹೀಗೆ ನೇರವಾಗಿ ಕೇಳಿದ್ದಕ್ಕೆ ನನ್ನ ಪರವಾಗಿ ಅವರಿಗೆ ನಾಚಿಕೆ.

ಎಲ್ಡನ್: ಇಷ್ಟ ಅಂದ್ರೆ... ಪರವಾಗಿಲ್ಲ. ಬೇರೆ ಯಾರಾದ್ರೂ ಹೋಗೋ ಹಾಗಿದ್ರೆ ನಾನೇನೂ ಅಡ್ಡ ಬರಲ್ಲ.

ಮಾರ್ಲಿಸ್: ಯಾರು?

ಎಲ್ಡನ್: ಬೇಕಾದ್ರೆ ನೀನೇ ಹೋಗಬಹುದು.

ಮಾರ್ಲಿಸ್: ಅಯ್ಯೋ, ನಂಗ್ಯಾಕೆ. ಅದು ನಿಂದು.

ನನಗೆ ಗಾಬರಿಯಾಗಲಿಲ್ಲ. ನಮ್ಮಲ್ಲಿ ಕಾಫಿ ಕೊಟ್ಟರೂ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ ಹೇಳಿದ್ದೇ ಉತ್ತರ. ಒಂದೇ ಮಾತಿಗೆ ಹೂಂ ಅಂದವರನ್ನು ಊರು ದುರಾಸೆಯವರು ಅನ್ನುತ್ತದೆ.

ಎಲ್ಡನ್: ಇಲ್ಲ, ನಿಜವಾಗ್ಲೂ ಹೇಳ್ತಿದೀನಿ.

ಮಾರ್ಲಿಸ್: ಛೆ, ಬೇಡಪ್ಪ. ಜನ ಏನಂದ್ಕೋತಾರೆ.

ಎರಡಾಯಿತು. ಎಲ್ಡನ್ ಹೂಂ ಅಂದ. ಆಮೇಲೆ ಎದ್ದು ಗಾಳಗಳ ಕಡೆ ಹೋಗಿ, ಒಂದು ಪೊಟ್ಟಣ ಎತ್ತಿಕೊಂಡು ಓದತೊಡಗಿದ. ಮಾರ್ಲಿಸ್ ಕೈ ಇನ್ನೂ ನೇರಳೆ ತೋಳಿನ ಮೇಲೇ ಇತ್ತು. ಹುಡುಗಿಯಾಗಿದ್ದಾಗಲೂ ನಾಟಕದಲ್ಲಿ ಪಾತ್ರ ಸಿಗದಿದ್ದ ದಿನ ಅವಳ ಮುಖ ಹೀಗೇ ಆಗಿತ್ತು. ಮೂರನೆಯದನ್ನು ನಾನೇ ಕೇಳಿಬಿಡಲೇ ಅನ್ನಿಸಿತು, ಆದರೆ ಬೇರೆಯವರು ಕೇಳಿದರೆ ಲೆಕ್ಕಕ್ಕಿಲ್ಲ. ಮೇಜಿನ ಅಂಚು ಹಿಡಿದುಕೊಂಡು ನಿಂತೆ.

ಎಲ್ಡನ್ ಪೊಟ್ಟಣವನ್ನು ಸ್ವಸ್ಥಾನದಲ್ಲಿಡಲು ಬಲಗೈ ಮೇಲೆತ್ತಿದ. ಅದು ಎದೆಯವರೆಗೆ ಬಂದು ನಿಂತಿತು. ಎಡಗೈಯಿಂದ ಇಟ್ಟ.

ಎಲ್ಡನ್: ಮಾರ್ಲಿಸ್, ನೀನು ಹೋಗ್ಲೇಬೇಕು. ಭುಜ ಏಳ್ತಿಲ್ಲ ನಂಗೆ. ಅಕ್ಟೋಬರಿನಿಂದ.

ಮಾರ್ಲಿಸ್: ಸರಿ ಹಾಗಾದ್ರೆ.

ಅವನ ಮಾತು ಮುಗಿಯುವ ಮೊದಲೇ ಅವಳು ಬೂಟು ಬಿಚ್ಚಿಯಾಗಿತ್ತು. ಒಂದು ನಿಮಿಷದಲ್ಲಿ ನೇರಳೆ ಸೂಟು ಕಾಲಿನಿಂದ ಕುತ್ತಿಗೆಯವರೆಗೆ ಏರಿತು. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಎಲ್ಡನ್ ಅವಳ ಸುತ್ತ ಒಂದು ಸಲ ನಡೆದು ನೋಡಿದ.

ಎಲ್ಡನ್: ಅಳತೆ ತೆಗೆದು ಹೊಲಿಸಿದ ಹಾಗಿದೆಯಲ್ಲ.

ನಾನು: ಬೆಳಿಗ್ಗೇನೇ ತೆಗೆದಿಟ್ಟಿದ್ದೆ.

ಎಲ್ಡನ್: ಬೆಳಿಗ್ಗೆ?

ಮಾರ್ಲಿಸ್: ಸೂಟು ಯಾರಿಗೆ ಅಂತ ನೀನು ಕೇಳ್ತೀಯೇನೋ ಅಂತ ಕಾಯ್ತಾ ಇದ್ದೆ.

ಎಲ್ಡನ್: ನೀನೇ ಹೇಳ್ಬೋದಿತ್ತು.

ಮಾರ್ಲಿಸ್: ಭುಜದ ವಿಷಯ ನೀನೂ ಹೇಳ್ಬೋದಿತ್ತು.

ಎಲ್ಡನ್: ಎಲ್ಲಿ ನಿಂಗೆ ಬೇಜಾರಾಗುತ್ತೋ ಅಂತ ಹೆದರಿದೆ.

ಮಾರ್ಲಿಸ್: ನಾನೂ ಅದಕ್ಕೇ ಹೆದರಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಕ್ಕರು. ಎಲ್ಡನ್ ಮುಖ ಹಗುರವಾಗಿತ್ತು. ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತ, ಕಿಟಕಿಯಾಚೆಯ ಸರೋವರ ನೋಡಿದ, ಮೆಲ್ಲಗೆ ಯೋಚನೆಗೆ ಬಿದ್ದ.

ಎಲ್ಡನ್: ಅಂದ್ರೆ ದೋಣಿ ಓಡಿಸೋನು ನಾನು. ದೋಣೀಲಿ ಗಾಳಿ ಹೇಗಿರುತ್ತೆ, ಮಾರ್ಲಿಸ್? ಚಳಿ ಆಗುತ್ತಾ?

ಮಾರ್ಲಿಸ್: ಅದನ್ನ ಮಾತ್ರ ನಾನು ಹೇಳಲ್ಲ. ಒಂದು ಸುತ್ತು ಓಡಿಸಿ ಬಾ, ಆಮೇಲೆ ನೀನೇ ಹೇಳು. ಚಳಿಗೆ ಮರಗಟ್ಟಿದ ದವಡೆ ಅಲ್ಲಾಡಿದ್ರೆ.