ಯಾವಾಗ ಹೊಂಟೀರಿ ಅಂತ ಕೇಳಬಾರದು

ಯಾರು ಎಲ್ಲಿಗೆ ಹೊರಟಿದ್ದಾರೆ, ಎಲ್ಲಿ ಇಳಿಯುತ್ತಾರೆ ಎಂದು ತಿಳಿಯದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಇದು ಹುಟ್ಟುಗುಣವಲ್ಲ, ನೌಕರಿ ಹಚ್ಚಿದ ಚಟ. ಮೂವತ್ತೆರಡು ವರ್ಷ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಬಸ್ಸುಗಳಲ್ಲಿ ನಾನು ಕಂಡಕ್ಟರನಾಗಿದ್ದೆ. "ಎಲ್ಲಿಗ್ರಿ?" ಎಂದು ಮದುಮಕ್ಕಳನ್ನು ಕೇಳಿದ್ದೇನೆ, ಪೊಲೀಸರನ್ನು ಕೇಳಿದ್ದೇನೆ, ಗಂಡನ ಜೊತೆ ಜಗಳಾಡಿ ಹತ್ತಿದ ಹೆಂಗಸರನ್ನೂ ಕೇಳಿದ್ದೇನೆ. ಒಬ್ಬರೂ ಸಿಟ್ಟಾಗಲಿಲ್ಲ. ಯರಗಟ್ಟಿಯಲ್ಲಿ ಹತ್ತಿದ ಮುದುಕರೊಬ್ಬರಂತೂ, "ಮಗಳ ಮನಿಗಿ ಹೊಂಟೇನಿ. ಅಕಿ ಎಷ್ಟ ದಿನ ಇಟ್ಕೋತಾಳ ಗೊತ್ತಿಲ್ಲ. ಬರೂ ಗಾಡಿಯೊಳಗೂ ನೀನ ಇರತಿ ಏನಪಾ?" ಎಂದು ನನ್ನನ್ನೇ ತಿರುಗಿ ಕೇಳಿದ್ದರು.

ಆದರೆ ಊರಿಗೆಲ್ಲ ಕೇಳಬಹುದಾದ ಈ ಪ್ರಯಾಣದ ಪ್ರಶ್ನೆಯನ್ನು ಸ್ವಂತ ಮಗಳಿಗೆ ಕೇಳುವಂತಿಲ್ಲ. ತವರಿಗೆ ಬಂದ ಹೆಣ್ಣುಮಗಳನ್ನು "ಯಾವಾಗ ಹೊಂಟಿ?" ಎಂದರೆ ಮುಗಿಯಿತು, ಏಳು ಜನ್ಮಕ್ಕೂ ಆ ಮಾತು ಅಳಿಯುವುದಿಲ್ಲ. ಅವಳೇ ಒಂದು ದಿನ "ನಾಳೆ ಬರತೇವಿ" ಎನ್ನಬೇಕು, ನಾವು ಬೇಡವೆನ್ನಬೇಕು. ಮೂರನೆಯ ಸಲಕ್ಕೆ ಅಳುತ್ತ ಒಪ್ಪಿ, ರವಿಕೆಯ ಖಣ, ಅಕ್ಕಿ, ಕಾಯಿ ಹಾಕಿ ಉಡಿ ತುಂಬಿ ಕಳಿಸಬೇಕು. ಅಲ್ಲಿಯವರೆಗೆ ಹೊರಡುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಈ ಬೇಸಿಗೆಯಲ್ಲಿ ಆ ದಿನ ನನಗೆ ಗೊತ್ತಾಗಲೇಬೇಕಿತ್ತು. ಕಾರಣ ನನ್ನ ಬಲಗಣ್ಣು; ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೋತಿಬಿಂದು, ಅದೇ ಕಣ್ಣಿನ ಪೊರೆ, ಚೆನ್ನಾಗಿ ಬಲಿತಿದೆ, ಮಳೆಗಾಲದೊಳಗೆ ತೆಗೆಸಿಬಿಡಿ, ಇನ್ನು ತಡಮಾಡಿದರೆ ನಿಮ್ಮ ಜವಾಬ್ದಾರಿ ಎಂದು ಧಾರವಾಡದ ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಹಿರಿಯ ಮಗಳು ಸವಿತಾ ಕೊಲ್ಹಾಪುರದಿಂದ, ಕಿರಿಯವಳು ಗಿರಿಜಾ ಗದಗಿನಿಂದ ಮಕ್ಕಳೊಂದಿಗೆ ಬಂದಿಳಿದರು. ಸವಿತಾಳ ಮಗಳು ಸಿಂಚನಾಗೆ ಹತ್ತು ವರ್ಷ, ಗಿರಿಜಾಳ ಮಗ ಓಮನಿಗೆ ಐದು. ವರ್ಷಕ್ಕೊಮ್ಮೆ ಬರುವ ಮಕ್ಕಳ ಸೂಟಿಯನ್ನು ಅಜ್ಜನ ಕಣ್ಣಿಗೆ ಔಷಧ ಹಾಕುವುದರಲ್ಲಿ ಕಳೆಯಬೇಕೇ? ಅವರು ಹೋದ ಮೇಲೆಯೇ ಆಪರೇಷನ್ ಎಂದು ನಿಶ್ಚಯಿಸಿದೆ. ಯಾರಿಗೂ ಹೇಳಬೇಡ ಎಂದು ಹೆಂಡತಿ ಶಾಂತಾಗೆ ತಾಕೀತು ಮಾಡಿದೆ. ಅವಳು ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಪತ್ತೇದಾರಿಕೆ ಶುರುವಾಯಿತು. ಸಿಂಚನಾಳನ್ನು ಕರೆದು, "ನಿಮ್ಮ ಸಾಲಿ ಯಾವಾಗ ಚಾಲೂ ಆಗತೈತವಾ?" ಎಂದು ಕೇಳಿದೆ. "ಇನ್ನೂ ಭಾಳ ದಿನ ಐತಿ ಅಜ್ಜಾ" ಎಂದಳು. ಎಷ್ಟು ಜೊತೆ ಬಟ್ಟೆ ತಂದಿದ್ದೀರಿ ಎಂದು ಓಮನಿಗೆ ಕೇಳಿದರೆ ಅವನು ತನ್ನ ಚಡ್ಡಿಗಳನ್ನೆಲ್ಲ ತಂದು ಪಡಸಾಲೆಯಲ್ಲಿ ಹರವಿದ. ವಿಚಿತ್ರವೆಂದರೆ ಹೆಣ್ಣುಮಕ್ಕಳೂ ನನ್ನನ್ನು ಹಾಗೆಯೇ ಕೆದಕುತ್ತಿದ್ದರು. "ಅಪ್ಪಾ, ಈ ವಾರ ಎಲ್ಲೆರೆ ಹೋಗೂದೈತೇನು? ಧಾರವಾಡಕ್ಕ?" ಎಂದು ಒಬ್ಬಳು. "ಕಿತ್ತೂರ ಮ್ಯಾಲ ಧಾರವಾಡಕ್ಕ ಹೋಗೂ ಗಾಡಿ ಎಷ್ಟಕ್ಕೈತಿ?" ಎಂದು ಇನ್ನೊಬ್ಬಳು. ಧಾರವಾಡದಲ್ಲಿ ಇವರಿಗೇನು ಕೆಲಸವೋ ಎಂದು ನಾನು ತಲೆ ಕೆರೆದುಕೊಂಡೆ. ಈ ನಡುವೆ ಒಂದು ಮಧ್ಯಾಹ್ನ ಕಾಂಪೌಂಡಿನ ಗೋಡೆ ನೋಡಿ, "ಇಳೀಲೇ ಓಮ್ಯಾ, ಬಿದ್ದರ ಹಲ್ಲ ಮುರೀತಾವು!" ಎಂದು ಗದರಿದೆ. ಓಮ ನನ್ನ ಪಕ್ಕದಲ್ಲೇ ನಿಂತು ಮಾವಿನಹಣ್ಣು ಚೀಪುತ್ತಿದ್ದ. ಗೋಡೆಯ ಮೇಲಿದ್ದದ್ದು ಒಣಹಾಕಿದ ಟವೆಲ್ಲು. ಒಳಗೆ ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು.

ಹದಿನೈದು ದಿನವಾದರೂ ಸುಳಿವು ಸಿಗದಾಗ ನಾನೊಂದು ಯುಕ್ತಿ ಮಾಡಿದೆ. ಪೇಟೆಗೆ ಹೋಗಿ ಉಡಿ ತುಂಬಲು ಎರಡು ಹಸಿರು ಖಣ ತಂದು, ಅಂಚು ಎಲ್ಲರಿಗೂ ಕಾಣುವಂತೆ ಪೊಟ್ಟಣವನ್ನು ಪಡಸಾಲೆಯ ಮಂಚದ ಮೇಲೆ ಇಟ್ಟೆ. ಖಣ ಕಂಡರೆ ಯಾರಾದರೂ ತಾವಾಗಿ ದಿನದ ಮಾತು ತೆಗೆದಾರು ಎಂಬುದು ನನ್ನ ಲೆಕ್ಕಾಚಾರ. ಅದು ಬಾಯಿಬಿಟ್ಟು ಕೇಳುವುದಕ್ಕಿಂತ ಕೆಟ್ಟದ್ದೆಂದು ಹೊಳೆಯಲೇ ಇಲ್ಲ. ಸವಿತಾ ಅದನ್ನು ನೋಡಿದಳು, ಕಣ್ಣು ತುಂಬಿಕೊಂಡಳು. "ನಾವು ಹೋಗಲಿ ಅಂತ ಇಷ್ಟ ಅವಸರ ಏನಪಾ ನಿನಗ?"

ಶಾಂತಾ ಓಡಿ ಬಂದು ಪೊಟ್ಟಣ ಬಿಚ್ಚಿದವಳೇ ಹಣೆ ಹಣೆ ಬಡಿದುಕೊಂಡಳು. "ಅಯ್ಯ, ಹೆಣ್ಣಮಕ್ಕಳ ಉಡಿಗೆ ಯಾರರೆ ಕರೀ ಖಣ ತರತಾರೇನ್ರಿ?"

"ಕರೀದಲ್ಲ, ಹಸರು" ಎಂದೆ.

ಸವಿತಾ ಅಳುವುದನ್ನು ಬಿಟ್ಟು ನನ್ನ ಕಣ್ಣನ್ನೇ ನೋಡಿದಳು. "ಸಾಕಪಾ ಇನ್ನ. ಆಪರೇಷನ್ ಯಾವಾಗ ಮಾಡಸ್ಕೋತಿ ಅಷ್ಟ ಹೇಳು. ಅವ್ವ ಫೋನಿನ್ಯಾಗ ಹೇಳಿದ್ದಕ್ಕ ನಾವು ಈ ಸಲ ಭಾಳ ದಿನ ಇರಾಕಂತ ಬಂದೇವಿ. ನಿನ್ನ ಕಣ್ಣ ಆದ ಮ್ಯಾಲೆ ಹೋಗೂದಂತ ಕುಂತೇವಿ." ನಾನು ಶಾಂತಾಳತ್ತ ತಿರುಗಿದೆ. "ಕಣ್ಣ ನಿಮ್ದು, ಬಾಯಿ ನಂದು" ಎಂದು ಅವಳು ಒಳಗೆ ಹೋದಳು. ಅವರು ಹೋಗಲಿ ಎಂದು ನಾನು, ನನ್ನ ಆಪರೇಷನ್ ಆಗಲಿ ಎಂದು ಅವರು, ಹದಿನೈದು ದಿನ ಎದುರುಬದುರು ಕಾಯುತ್ತ ಕುಳಿತಿದ್ದೆವು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಮರುವಾರವೇ ಧಾರವಾಡದಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದರೆ ಜಗತ್ತೆಲ್ಲ ತೊಳೆದಿಟ್ಟ ಹಾಗಿತ್ತು. ಕರಿಕನ್ನಡಕ ಹಾಕಿಕೊಂಡು ಮನೆಗೆ ಬಂದೆ. ಓಮ ಹೊತ್ತಿಗೆ ಸರಿಯಾಗಿ ಔಷಧದ ಬಾಟಲಿ ಹಿಡಿದು ನಿಲ್ಲುತ್ತಿದ್ದ, ಸವಿತಾ ಹನಿ ಹಾಕುತ್ತಿದ್ದಳು, ಗಿರಿಜಾ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ಹಲ್ಲಿಗೆ ಆಪರೇಷನ್ ಆಗಿಲ್ಲ ಎಂದು ನಾನೂ ಹೇಳಲಿಲ್ಲ. ಎಂಟು ದಿನದ ಮೇಲೆ ಸವಿತಾ, "ಈಗ ಚಲೋ ಕಾಣಸ್ತೈತಿ ಏನಪಾ? ಕಂಡರ ನಾವು ನಾಳೆ ಬರತೇವಿ" ಎಂದಳು. ಯಾವ ದಿನಕ್ಕಾಗಿ ನಾನು ಅಷ್ಟು ಹುಡುಕಾಡಿದ್ದೆನೋ ಅದು ತಾನಾಗಿ ಬಂದು ಮುಂದೆ ನಿಂತಿತ್ತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಇನ್ನೂ ಸ್ವಲ್ಪ ಮಂಜ ಮಂಜ ಐತವಾ."

ಹೀಗೆ ನಾಲ್ಕು ದಿನ ಮಂಜಿನಲ್ಲಿ ಕಳೆದೆ. ಐದನೆಯ ದಿನ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಸಿಂಚನಾ ದೂರದ ರಸ್ತೆ ತೋರಿಸಿ, "ಅಜ್ಜಾ, ಅದು ಯಾವೂರ ಬಸ್ಸು?" ಎಂದಳು.

"ರಾಮದುರ್ಗ. ಯರಗಟ್ಟಿ ಮ್ಯಾಲ ಹೋಗತೈತಿ" ಎಂದುಬಿಟ್ಟೆ. ಮೂವತ್ತೆರಡು ವರ್ಷ ಚೆಕಿಂಗಿನವರ ಕೈಗೆ ಸಿಗದವನು ಹತ್ತು ವರ್ಷದ ಹುಡುಗಿಯ ಕೈಗೆ ಸಿಕ್ಕಿದ್ದೆ. ಯಾರಿಗೂ ಹೇಳಬೇಡ, ಐಸ್‌ಕ್ಯಾಂಡಿ ಕೊಡಿಸ್ತೀನಿ ಎಂದು ಪಿಸುಗುಟ್ಟಿದೆ. "ಹೇಳೂದಿಲ್ಲ ಅಜ್ಜಾ. ನನಗೂ ಇರಬೇಕಾಗೈತಿ" ಎಂದಳು ಜಾಣೆ.

ಹಿಂದಿನಿಂದ ನಗು ಕೇಳಿಸಿತು. ಬಾಗಿಲಲ್ಲಿ ಸವಿತಾ ನಿಂತಿದ್ದಳು. "ನಾಕ ದಿನದಿಂದ ನೀ ಕದ್ದುಮುಚ್ಚಿ ಪೇಪರ್ ಓದೂದು ಎಲ್ಲಾರೂ ನೋಡಾಕತ್ತೇವಿ. ಇನ್ನ ನಾಕ ದಿನ ಇರ್ರಿ ಅಂತ ಬಾಯಿಬಿಟ್ಟ ಹೇಳಾಕ ಏನಾಗಿತ್ತಪಾ ನಿನಗ?"

ಏನೂ ಆಗಿರಲಿಲ್ಲ. ಊರು ಬಂದ ಕೂಡಲೇ ಎಲ್ಲರಿಗೂ "ಇಳೀರಿ, ಇಳೀರಿ" ಎಂದು ಕೂಗಿ ಕೂಗಿ ಪಳಗಿದ ಬಾಯಿಗೆ "ಇರ್ರಿ" ಎನ್ನುವುದು ರೂಢಿಯಿರಲಿಲ್ಲ, ಅಷ್ಟೇ.