ನನ್ನ ತೂಕಕ್ಕೆ ತಕ್ಕ ಹಲಗೆ

ಕೆಲವರು ವಿದ್ಯೆಯಿಂದ ಮರ್ಯಾದೆ ಗಳಿಸುತ್ತಾರೆ, ಕೆಲವರು ಗುಣದಿಂದ. ನಾನು ಗಳಿಸಿದ್ದು ತೂಕದಿಂದ. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಇಂಡಿ ಪಟ್ಟಣದಲ್ಲಿ ಗುಮಾಸ್ತನಾಗಿದ್ದ ನನ್ನನ್ನು, ಯಂಕಂಚಿಯ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಮಾವ ಪ್ರತಿವರ್ಷ ಮುಂಗಾರಿಗೆ ತಪ್ಪದೆ ಕರೆಸುತ್ತಿದ್ದರು. ಕಾರಣ, ಕೊರಡು! ಉತ್ತ ಹೊಲದ ಹೆಂಟೆ ಒಡೆಯಲು ಎತ್ತಿಗೆ ಕಟ್ಟಿ ಎಳೆಸುವ ಜಾಲಿ ಮರದ ದಪ್ಪ ಹಲಗೆ ಅದು. ಅದರ ಮೇಲೆ ಒಬ್ಬ ಮನುಷ್ಯ ನಿಲ್ಲಬೇಕು. ಮನುಷ್ಯ ಭಾರವಾದಷ್ಟೂ ಹೆಂಟೆ ಪುಡಿಪುಡಿ. “ನಮ್ಮ ದೊಡ್ಡ ಅಳಿಯಂದ್ರು ನಿಂತ್ರ ಹೊಲ ಜ್ವಾಳದ ಹಿಟ್ಟಾಗತೈತಿ ನೋಡ್ರಿ!” ಎಂದು ಮಾವ ಊರಿಗೆಲ್ಲ ಹೇಳುತ್ತಿದ್ದರು. ಮನೆಗೆ ಬಂದರೆ ಅತ್ತೆಯವರ ಮೊದಲ ಬಿಸಿ ಹೋಳಿಗೆ ನನ್ನ ತಾಟಿಗೇ ಬೀಳುತ್ತಿತ್ತು. ಇದಕ್ಕಿಂತ ದೊಡ್ಡ ಪದವಿ ನನಗೆ ಬೇಕಿರಲಿಲ್ಲ.

ಆ ವರ್ಷ ಅಧಿಕ ಮಾಸ ಮುಂಗಾರಿನ ಜೊತೆಗೇ ಬಂತು. ಅಳಿಯಂದಿರನ್ನು ಕರೆದು ಉಣಬಡಿಸುವ ತಿಂಗಳು. ನನ್ನ ಹೆಂಡತಿ ಶಾಂತಾಳ ತಂಗಿಯ ಹೊಸ ಗಂಡ ಸಂತೋಷನೂ ಗೋವಾದಿಂದ ಬಂದ. ಅಲ್ಲಿ ಹೋಟೆಲಿನಲ್ಲಿ ಕೆಲಸ, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ. ಬಸ್ಸಿನ ಟಾಪಿನ ಮೇಲೆ ಒಂದು ನುಣ್ಣನೆಯ ಹಲಗೆ ಹಾಕಿಕೊಂಡು ಬಂದಿದ್ದ. ಓಡುವ ದೋಣಿಯ ಹಿಂದೆ ಅದರ ಮೇಲೆ ನಿಂತು ನೀರಿನಲ್ಲಿ ಜಾರುವುದಂತೆ.

ಊರ ಕೆರೆಯಲ್ಲಿ ನೀರಿತ್ತು, ದೋಣಿ ಇರಲಿಲ್ಲ. ಮಾವನ ಟ್ರ್ಯಾಕ್ಟರ್ ಇತ್ತು! ಏರಿಯ ಮೇಲೆ ಟ್ರ್ಯಾಕ್ಟರ್ ಓಡಿತು, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಸಂತೋಷ ಕೆರೆಯಲ್ಲಿ ಕೊಕ್ಕರೆಯಂತೆ ತೇಲಿಹೋದ. ಊರೇ ಚಪ್ಪಾಳೆ ತಟ್ಟಿತು. ಆ ಮಧ್ಯಾಹ್ನ ಮೊದಲ ಹೋಳಿಗೆ ನನ್ನ ತಾಟನ್ನು ದಾಟಿ ಮುಂದೆ ಹೋಯಿತು. ಹೋಗಿ ಅವನ ತಾಟಿಗೆ ಬಿತ್ತು!

“ನಾಳಿ ನಾನೂ ನಿಲ್ತೇನಿ,” ಎಂದೆ.

“ಅಣ್ಣಾರ, ಈ ಹಲಗಿ ನನ್ನ ವಜನಿಗೆ ಐತ್ರಿ,” ಎಂದ ಸಂತೋಷ, ಬಹಳ ಮರ್ಯಾದೆಯಿಂದ. “ನಿಮ್ಮ ವಜನಿಗೆ ಇದಕಿಂತ ದೊಡ್ಡದು ಬೇಕ್ರಿ. ದೊಡ್ಡದು ಅಂದ್ರ ಹೆಂಗ...”

“ಸಾಕು ಬಿಡಪ್ಪ, ತಿಳೀತು!” ಎಂದೆ. ವಜನಿನ ವಿಷಯವನ್ನು ಈ ಬಡಕಲು ನನಗೆ ಕಲಿಸುವುದೇ? ನನ್ನ ತೂಕಕ್ಕೆ ಒಗ್ಗಿದ, ನನ್ನ ಪಾದದ ಗುರುತು ಬಿದ್ದ ಹಲಗೆ ಕೊಟ್ಟಿಗೆಯಲ್ಲೇ ಇತ್ತಲ್ಲ!

ಮರುದಿನ ಕೊರಡನ್ನು ನಾಲ್ಕು ಜನ ಹೊತ್ತು ತಂದರು. ಹೊರಲು ನಾಲ್ಕು ಜನ ಬೇಕಾದ ವಸ್ತು ನೀರಿನಲ್ಲಿ ಏನು ಮಾಡೀತು ಎಂಬ ಪ್ರಶ್ನೆ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಶಾಂತಾ ಮಾತ್ರ ಕೇಳಿದಳು: “ಏನ್ರಿ, ಇದಕ್ಕ ಕಬ್ಬಿಣದ ಪಟ್ಟಿ ಬ್ಯಾರೆ ಹೊಡದಾರ. ತೇಲತೈತೇನ್ರಿ?”

“ಭಾರ ಇದ್ದಷ್ಟೂ ಗಟ್ಟಿ ನಿಲ್ತೈತಿ. ನಿನಗ ತಿಳ್ಯಾಂಗಿಲ್ಲ ಸುಮ್ಕಿರು!”

ಹಗ್ಗ ಕೈಜಾರಿದರೆ ಮಾನ ಹೋಗುತ್ತದೆಂದು ಅದನ್ನು ನಡುವಿಗೆ ಸುತ್ತಿ, ಬಿಚ್ಚಲಾಗದ ಹಾಗೆ ಗಂಟು ಹಾಕಿಕೊಂಡೆ. ಕೆರೆಯಂಚಿನ ತೆಳು ನೀರಿನಲ್ಲಿ ಕೊರಡಿನ ಮೇಲೆ ನಿಂತು ಕೈ ಎತ್ತಿದೆ. ಮಾವ ಟ್ರ್ಯಾಕ್ಟರ್ ಬಿಟ್ಟರು.

ಕೊರಡು ಸರ್ರನೆ ಜಾರಿತು! ಏರಿಯ ಮೇಲೆ ಚಪ್ಪಾಳೆ, ಸಿಳ್ಳೆ. ನಾನು ಮೀಸೆ ಮುಟ್ಟಿಕೊಂಡೆ. ಆಹಾ, ಏನು ಸುಖ! ಅದು ಜಾರುತ್ತಿದ್ದುದು ನೀರಿನ ಮೇಲಲ್ಲ, ತಳದ ಕೆಸರಿನ ಮೇಲೆ ಎಂದು ನನಗೆ ತಿಳಿದದ್ದು ಕೆಸರು ಮುಗಿದು ಆಳ ಶುರುವಾದಾಗ.

ಕೊರಡು ನೆಟ್ಟಗೆ ಕೆಳಗೆ ಹೋಯಿತು. ನಾನು ನೆಟ್ಟಗೆ ಮುಂದೆ ಹೋದೆ, ಹೊಟ್ಟೆಯ ಮೇಲೆ!

ಬಾವಿಯಲ್ಲಿ ಈಜು ಕಲಿತವನೇ ನಾನು. ಆದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದರೆ ಯಾವ ಈಜೂ ನೆನಪಿಗೆ ಬರುವುದಿಲ್ಲ. ಬಾಯಿ ತೆರೆದರೆ ಕೆರೆ ಒಳಗೆ ಬರುತ್ತಿತ್ತು. ಗಂಟು ನೆನೆದು ಇನ್ನಷ್ಟು ಬಿಗಿಯಿತು. ಮಾವನಿಗೆ ಒಂದು ನೇಮವಿತ್ತು: ಸ್ಟೇರಿಂಗ್ ಹಿಡಿದರೆ ಹಿಂದೆ ತಿರುಗಿ ನೋಡುವವರಲ್ಲ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸುತ್ತಲೂ ಇರಲಿಲ್ಲ. ಜನರ ಕೂಗನ್ನು ಅವರು ಶಹಬ್ಬಾಸ್ ಎಂದುಕೊಂಡು ಇನ್ನಷ್ಟು ಜೋರು ಬಿಟ್ಟರು!

ಎದುರಿಗೆ ತೂಬಿನ ಕಲ್ಲುಕಟ್ಟೆ ಕಾಣಿಸಿತು. ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ನಿಜ ಹೇಳುತ್ತೇನೆ, ಆಗ ನನಗೆ ಹೋಳಿಗೆಯ ನೆನಪಾಗಲಿಲ್ಲ. ಶಾಂತಾಳ ನೆನಪಾಯಿತು, ಅಳು ಬಂತು. ಅಷ್ಟರಲ್ಲಿ ಶಾಂತಾಳೇ ಸೆರಗು ಕಟ್ಟಿಕೊಂಡು ಏರಿಯ ಮೇಲೆ ಓಡಿ, ಟ್ರ್ಯಾಕ್ಟರಿಗೆ ಎದುರಾಗಿ ನಿಂತುಬಿಟ್ಟಳು. ಬ್ರೇಕ್ ಕಿರುಚಿತು.

“ಯಾಕವ್ವಾ?” ಎಂದರು ಮಾವ.

“ಯಪ್ಪಾ, ಹಿಂದ ನೋಡು! ನನ್ನ ಗಂಡ ಸಾಯಾಕತ್ತಾನ!”

ಮಾವ ತಿರುಗಿ ನೋಡಿದರು. ಕಟ್ಟೆ ಕೈಗೆ ಎಟುಕುವಷ್ಟೇ ದೂರದಲ್ಲಿ ನಾನು ತೇಲುತ್ತಿದ್ದೆ. ಗಾಬರಿಯಿಂದ ಅವರ ಮುಖ ಬಿಳುಚಿತು.

“ಅಳಿಯಂದ್ರ, ಕೊರಡೆಲ್ಲೈತಿ?”

ಸಂತೋಷ ಜಿಗಿದು ಬಂದು ಕುಡಗೋಲಿನಿಂದ ಗಂಟು ಕೊಯ್ದ. ನನ್ನನ್ನು ದಂಡೆಗೆಳೆದು ಬೋರಲು ಹಾಕಿ ಬೆನ್ನು ತಿಕ್ಕುತ್ತ, ತನ್ನ ಅರ್ಧ ಮಾತನ್ನು ಮುಗಿಸಿದ: “ದೊಡ್ಡದು ಅಂದ್ರ ಅಗಲ ಇರಬೇಕು, ಆದ್ರ ಹಗುರ ಇರಬೇಕ್ರಿ ಅಣ್ಣಾರ.”

ಕೊರಡು ಸಿಗಲಿಲ್ಲ. ಮಾವ ದಂಡೆಯ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದರು. ಅದು ಅವರ ಅಜ್ಜ ಮಾಡಿಸಿದ್ದಂತೆ. ನನಗೆ ನಿಜಕ್ಕೂ ಕೆಡುಕೆನಿಸಿತು.

ಊಟಕ್ಕೆ ಕುಳಿತಾಗ ಅತ್ತೆಯವರು ಕಣ್ಣೊರೆಸಿಕೊಂಡು, ಮೊದಲ ಬಿಸಿ ಹೋಳಿಗೆಯನ್ನು ನನ್ನ ತಾಟಿಗೇ ಹಾಕಿ ಮೇಲೆ ತುಪ್ಪ ಸುರಿದರು. ಗೆದ್ದೆ! ಆದರೆ ಹೊಟ್ಟೆಯ ತುಂಬ ಕೆರೆಯಿತ್ತು. ಒಂದು ಚೂರಿಗೂ ಜಾಗವಿರಲಿಲ್ಲ. ಶಾಂತಾ ಅದನ್ನೆತ್ತಿ ಸಂತೋಷನ ತಾಟಿಗೆ ಹಾಕಿದಳು.

ಮರುದಿನ ಮಾವ ಪಕ್ಕದ ಹೊಲದವರ ಕೊರಡು ಕೇಳಿ ತಂದರು. ನಾನು ಹತ್ತಿ ನಿಂತೆ. ಬೆಳಗಿನಿಂದ ಸಂಜೆಯವರೆಗೆ, ಒಮ್ಮೆಯೂ ಬೀಳದೆ, ಕಂಬದಂತೆ ನೆಟ್ಟಗೆ ನಿಂತು ಇಡೀ ಹೊಲ ಜಾರಿದೆ. ಎಂಥ ಸವಾರಿ!

ನೋಡಲು ಊರಿನಿಂದ ಒಬ್ಬರೂ ಬರಲಿಲ್ಲ. ಇದ್ದವು ಎರಡು ಎತ್ತು. ಅವೂ ನನಗೆ ಬೆನ್ನು ಹಾಕಿದ್ದವು.