ಸಿಸ್ಟರ್ ಲೋಟಕ್ಕೆ ಬಿದ್ದ ಕಾಳು

ತಬಸ್ಸುಮ್ ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ. ಅದೂ ಯೋಚಿಸಿ ಕೇಳಿದ್ದಲ್ಲ, ಹಸಿವೆಯಲ್ಲಿ ಬಾಯಿಗೆ ಬಂದದ್ದು: "ಒಂದು ಮಾತ್ರಿ ಕೊಟ್ಟಿದ್ದನ್ನ ಏಳು ರಿಜಿಸ್ಟರಿನ್ಯಾಗ ಯಾಕ ಬರೀಬೇಕ್ರಿ?"

ಊರು ಯಾವುದೆಂದು ಕೇಳಬೇಡಿ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ, ಅಷ್ಟು ಸಾಕು. ಅಲ್ಲಿನ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಆ ದಿನ ನರ್ಸಿಂಗ್ ಕಾಲೇಜಿನಿಂದ ಮಾಲಾ ಮೇಡಂ ಬಂದಿದ್ದರು. ನರ್ಸಿಂಗ್ ಕೆಲಸದಲ್ಲಿ ಮೊದಲು ಯಾವುದರ ಬಗ್ಗೆ ಸಂಶೋಧನೆ ಆಗಬೇಕು ಎಂಬುದನ್ನು ಇನ್ನು ಮುಂದೆ ನರ್ಸು, ರೋಗಿ, ರೋಗಿಯ ಜೊತೆಯವರು ಸೇರಿ ತೀರ್ಮಾನಿಸಬೇಕಂತೆ. ಮೂರು ಪ್ರಶ್ನೆಗೆ ಮೂರು ಸ್ಟೀಲ್ ಲೋಟ. ತಲೆಗೆ ಮೂರು ಮೆಕ್ಕೆಜೋಳದ ಕಾಳು. ಹೆಚ್ಚು ಕಾಳು ಬಿದ್ದ ಪ್ರಶ್ನೆಯ ಮೇಲೆ ಇದೇ ವಾರ್ಡಿನಲ್ಲಿ ಆರು ತಿಂಗಳು ಸಂಶೋಧನೆ.

ತಬಸ್ಸುಮ್ ತಮ್ಮ ಪ್ರಶ್ನೆಗೆ ಸಿಕ್ಕ ಲೋಟವನ್ನು ಆಸೆಯಿಂದ ನೋಡಿದರು. ಗೆದ್ದರೆ ನಾಲ್ಕು ರಿಜಿಸ್ಟರಾದರೂ ಕಡಿಮೆಯಾಗಿ ಮಧ್ಯಾಹ್ನ ಎರಡಕ್ಕೆ ಬುತ್ತಿ ಬಿಚ್ಚಬಹುದು. ಕಟ್ಟಿಕೊಟ್ಟ ಬುತ್ತಿ ಸಂಜೆ ಹಾಗೇ ಮನೆಗೆ ಮರಳಿದರೆ ಅತ್ತೆ ಜೈತುನ್ ಬೀ, ತನ್ನ ಅಡುಗೆ ಸೊಸೆಗೆ ಸೇರದು ಎಂದು ಎರಡು ದಿನ ಮುಖ ಉಬ್ಬಿಸುತ್ತಿದ್ದರು.

ಆದರೆ ಎದುರಾಳಿಗಳು ಸಾಮಾನ್ಯರಲ್ಲ. ಕಾಲಿನ ಗಾಯಕ್ಕೆ ಸೇರಿದ್ದ ಅನ್ನದಾನಮ್ಮ, "ಸೂಜಿ ಚುಚ್ಚಾಗ ಮಾತಾಡಿಸಿದ್ರ ನೋವು ಕಡಿಮಿ ಆಗತೈತೇನು, ಅದನ್ನ ನೋಡ್ರಿ" ಎಂದು ಒಂದು ಲೋಟ ಹಿಡಿದರು. ಅವರ ಸೊಸೆ ನಾಗಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ರೋಗಿಗಿ ಮಂಚ ಐತಿ. ನೋಡಿಕೊಳ್ಳಾಕ ಬಂದೋರು ಎಲ್ಲಿ ಮಲಗಬೇಕ್ರಿ?" ಎಂದದ್ದೇ ತಡ, ಜೊತೆಯವರೆಲ್ಲ ಆಕೆಯ ಕಡೆ ವಾಲಿದರು. ಬಾಣಂತಿಯೊಬ್ಬಳ ಕಡೆಯಿಂದಲೇ ಒಂಬತ್ತು ಮಂದಿ.

ಅಷ್ಟರಲ್ಲಿ ಮೂಲೆ ಮಂಚದ ಡ್ರಿಪ್ ಮುಗಿಯಿತು. ತಬಸ್ಸುಮ್ ಓಡಿದರು. ಬಾಟಲಿ ಬದಲಿಸಿ, ಬರೆಯುವುದನ್ನೆಲ್ಲ ಬರೆದು ಬಂದರೆ ನಾಗಲಿಂಗಮ್ಮನ ಲೋಟ ಅರ್ಧ ತುಂಬಿತ್ತು. ಇನ್ನೊಬ್ಬರ ಜ್ವರ ನೋಡಿ, ಬರೆದು ಬಂದರೆ ಮುಕ್ಕಾಲು. ತಮ್ಮ ಲೋಟ ಮಾತ್ರ ಖಾಲಿ. ತಮ್ಮ ಪಾಲಿನ ಕಾಳು ಹಾಕಲೂ ಪುರುಸೊತ್ತಾಗದೆ ಅವು ಕೋಟಿನ ಜೇಬಿನಲ್ಲೇ ಉಳಿದಿದ್ದವು.

ಅತ್ತೆಯ ಮಾತ್ರೆ ಕೇಳಲು ಮೇಜಿನ ಬಳಿ ಬಂದ ನಾಗಲಿಂಗಮ್ಮನ ಕಣ್ಣಿಗೆ ಬಿಚ್ಚದ ಬುತ್ತಿ ಬಿತ್ತು.

"ಮೂರೂವರಿ ಆತಲ್ರಿ ಸಿಸ್ಟರ್, ಇನ್ನಾ ಉಂಡಿಲ್ಲೇನು?"

"ಇನ್ನ ಎರಡು ರಿಜಿಸ್ಟರ್ ಅದಾವ್ರಿ."

ನಾಗಲಿಂಗಮ್ಮ ನೇರ ಹೋಗಿ ತನ್ನ ಲೋಟ ಎತ್ತಿ ಸಿಸ್ಟರ್ ಲೋಟಕ್ಕೆ ಬಗ್ಗಿಸಿಬಿಟ್ಟಳು. "ನಾವು ನೆಲದ ಮ್ಯಾಲರ ಉರುಳ್ತೀವಿ. ಈಕಿ ಉಣ್ಣಬೇಕಲ್ರಿ."

"ನಂದೂ ಹಾಕು," ಎಂದರು ಅನ್ನದಾನಮ್ಮ. "ಹಸದಾಕಿ ಸೂಜಿ ಹಾಕಿದ್ರ ಭಾಳ ನೋಯತೈತಿ."

ಇದು ನಿಯಮದಲ್ಲಿಲ್ಲ ಎನ್ನಲು ಮಾಲಾ ಮೇಡಂ ಬಾಯಿ ತೆರೆದರು. ಇಡೀ ವಾರ್ಡು ದುರುಗುಟ್ಟಿ ನೋಡಿದ್ದಕ್ಕೆ ಮುಚ್ಚಿಕೊಂಡರು. ತಬಸ್ಸುಮ್ ಕಣ್ಣು ತುಂಬಿ ಬಂತು. ಹತ್ತು ವರ್ಷದ ನೌಕರಿಯಲ್ಲಿ ಅವರಿಗೆ ಊಟವಾಯಿತೇ ಎಂದು ಕೇಳಿದ ಮೊದಲ ಮಂದಿ ಇವರು.

ಗೆಲುವನ್ನು ಘೋಷಿಸಿದ ಮಾಲಾ ಮೇಡಂ ಚೀಲದಿಂದ ದಪ್ಪ ರಟ್ಟಿನ ಹೊಸ ರಿಜಿಸ್ಟರೊಂದನ್ನು ತೆಗೆದರು.

"ಬರೆಯೋದಕ್ಕೆ ಎಷ್ಟು ಹೊತ್ತು ಹೋಗುತ್ತೆ ಅಂತ ಗೊತ್ತಾಗದೆ ಸಂಶೋಧನೆ ಹೇಗೆ ಮಾಡೋದು ಸಿಸ್ಟರ್? ಇನ್ನು ಆರು ತಿಂಗಳು ಆ ಏಳೂ ರಿಜಿಸ್ಟರು ಹಿಡಿದ ಟೈಮು, ಬಿಟ್ಟ ಟೈಮು ಇದರಲ್ಲಿ ಬರೀರಿ. ಊಟಕ್ಕೆ ಕೂತದ್ದು, ಎದ್ದದ್ದು ಕೂಡ."

ತಬಸ್ಸುಮ್ ಕೈ ಬುತ್ತಿಯ ಮುಚ್ಚಳದ ಮೇಲೇ ನಿಂತಿತು. "ಉಂಡು ಬರೀತೀನಿ ಮೇಡಂ."

ನಾಗಲಿಂಗಮ್ಮ ಬುತ್ತಿಯನ್ನು ಅತ್ತ ಸರಿಸಿ, ಪ್ರೀತಿಯಿಂದಲೇ ಪೆನ್ನು ಕೈಗಿಟ್ಟಳು.

"ಮೊದ್ಲ ಬರದು ಆಮ್ಯಾಲೆ ಉಣ್ರಿ ಸಿಸ್ಟರ್. ಇಷ್ಟು ಮಂದಿ ನೆಲಕ್ಕ ಮಲಗಾಕ ಒಪ್ಪಿ ಹಾಕಿದ ಕಾಳು ಅವು."